ಬೆಣ್ಣೆ ದೋಸೆಗೆ ದಾವಣಗೆರೆಗೇ ಹೋಗ್ಬೇಕಾ, ಬೆಂಗಳೂರಲ್ಲೇ ಸಾಕಾ? ಯಾರ್ಯಾರು ಎಲ್ಲೆಲ್ಲಿ ತಿಂದ್ರೆ ಒಳ್ಳೇದು

ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಯಾರಾದ್ರೂ ಕೇಳಿದ್ರೆ ಮುಗೀತು, ಬಸವನಗುಡಿಯವ್ರು ವಿದ್ಯಾರ್ಥಿ ಭವನ ಅಂತಾರೆ, ಮಲ್ಲೇಶ್ವರದವ್ರು ಸಿಟಿಆರ್ ಬಿಟ್ಟು ಬೇರೆ ಮಾತೇ ಆಡಲ್ಲ, ಮೈಸೂರಿನವ್ರು ಮೈಲಾರಿ ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ, ದಾವಣಗೆರೆಯವ್ರು ಇವರೆಲ್ಲರ ಜಗಳ ನೋಡ್ತಾ ಸುಮ್ನೆ ನಗ್ತಾ ಕೂತಿರ್ತಾರೆ. ಈ ಜಗಳ ಬಗೆಹರಿಯೋದಲ್ಲ, ಬಗೆಹರಿದ್ರೆ ಮಜಾನೂ ಇರಲ್ಲ. ಆದ್ರೆ ಊರಿಂದ ನೆಂಟರು ಬಂದಿದ್ದಾರೆ, ನಾಳೆ ಭಾನುವಾರ, ಬೆಳಿಗ್ಗೆ ತಿಂಡಿಗೆ ಎಲ್ಲಿಗೆ ಕರ್ಕೊಂಡು ಹೋಗ್ಲಿ ಅನ್ನೋದಕ್ಕೆ ಉತ್ತರ ಬೇಕೇ ಬೇಕಲ್ವಾ.

ನನ್ನ ಲೆಕ್ಕ ಸಿಂಪಲ್. ಮಸಾಲೆ ದೋಸೆ ಕಾವಲಿಯಿಂದ ಎದ್ದ ಮೇಲೆ ಅದಕ್ಕೆ ನಾಲ್ಕೈದು ನಿಮಿಷ ಆಯಸ್ಸು, ಅಷ್ಟೇ. ಅದಾದ್ಮೇಲೆ ಒಳಗಿರೋ ಪಲ್ಯದ ಹಬೆ ಮೇಲಿನ ಗರಿಯನ್ನ ಮೆತ್ತಗೆ ಮಾಡ್ಬಿಡುತ್ತೆ, ಬೆಣ್ಣೆ ಆರಿ ಪೇಲವ ಆಗುತ್ತೆ, ಆಮೇಲೆ ಅದು ಯಾವ ದೊಡ್ಡ ಹೋಟೆಲ್ ದೋಸೆ ಆಗಿದ್ರೂ ಒಂದೇ ಥರ. ಹಂಗಾಗಿ ಹೋಟೆಲ್ ಹೆಸರು, ರೇಟಿಂಗು, ಇನ್‌ಸ್ಟಾದಲ್ಲಿ ಓಡ್ತಿರೋ ರೀಲು ಇದ್ಯಾವುದಕ್ಕಿಂತ ಮೊದ್ಲು ನೋಡ್ಬೇಕಾಗಿರೋದು ಕಾವಲಿಗೂ ನಿಮ್ಮ ತಟ್ಟೆಗೂ ಎಷ್ಟು ದೂರ, ನಡುವೆ ಎಷ್ಟು ಹೊತ್ತು ಅನ್ನೋದು. ಕೆಳಗೆ ಬರೆದಿರೋದೆಲ್ಲ ಇದೇ ಅಳತೆಗೋಲಲ್ಲಿ.

ಮೊದ್ಲು ದಾವಣಗೆರೆ, ಯಾಕಂದ್ರೆ ಬೇರೆ ಎಲ್ಲಾನೂ ಇದಕ್ಕೇ ಹೋಲಿಸ್ತೀವಿ

ಊರಲ್ಲಿ ಹೇಳೋ ಕಥೆ ಪ್ರಕಾರ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋರು ಮಕ್ಕಳನ್ನ ಕಟ್ಕೊಂಡು ದಾವಣಗೆರೆಗೆ ಬಂದ್ರು, ನಾಟಕದ ಥಿಯೇಟರ್ ಮುಂದೆ ರಾಗಿ ದೋಸೆ ಮಾಡಿ ಮಾರೋಕೆ ಶುರು ಮಾಡಿದ್ರು, ಆಮೇಲೆ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ ಬಂತು, ಮೇಲೆ ಬೆಣ್ಣೆ ಬಂತು. ಇವತ್ತು ಊರು ತುಂಬಾ ಬೆಣ್ಣೆ ದೋಸೆ ಹೋಟೆಲ್‌ಗಳೇ, ಅದ್ರಲ್ಲಿ ಗುರು ಕೊಟ್ಟೂರೇಶ್ವರ ಅನ್ನೋ ಹೆಸರು ಹೊರಗಿನವ್ರಿಗೂ ಗೊತ್ತು. ಯಾವುದು ಒರಿಜಿನಲ್ ಅನ್ನೋ ಪಂಚಾಯ್ತಿಗೆ ನಾನಂತೂ ಇಳಿಯಲ್ಲ, ಬಸ್‌ಸ್ಟ್ಯಾಂಡಲ್ಲಿ ಇಳಿದು ಆಟೋದವರನ್ನ ಕೇಳಿ, ಅವ್ರು ತಾವು ಎಲ್ಲಿ ತಿಂತಾರೆ ಅಂತ ಕೇಳಿ, ಪ್ಯಾಸೆಂಜರ್‌ಗಳನ್ನ ಎಲ್ಲಿ ಬಿಡ್ತಾರೆ ಅಂತಲ್ಲ.

ಅಲ್ಲಿ ಕಾವಲಿ ಮುಂದೆ ಎರಡು ನಿಮಿಷ ನಿಂತು ನೋಡಿದ್ರೆ ವ್ಯತ್ಯಾಸ ಅರ್ಥ ಆಗುತ್ತೆ. ಕೆಳಗೆ ಸೌದೆ ಒಲೆ. ದಪ್ಪ ಕಬ್ಬಿಣದ ಹಂಚು. ಭಟ್ಟರು ನೀರು ಚಿಮುಕಿಸ್ತಾರೆ, ಚುರ್ ಅನ್ನುತ್ತೆ, ಪೊರಕೆಯಲ್ಲಿ ಒಂದು ಸಲ ಬಳಿದು ಸಾಲಾಗಿ ಹಿಟ್ಟು ಹುಯ್ತಾರೆ, ಬೆಂಗಳೂರಿನ ಥರ ಕಾವಲಿ ತುಂಬಾ ಅಗಲ ಎಳೆಯಲ್ಲ, ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೇ, ದಪ್ಪಗೆ. ಮೇಲೆಲ್ಲ ಸಣ್ಣ ಸಣ್ಣ ತೂತು ಏಳುತ್ತೆ. ಆಮೇಲೆ ಡಬರಿಯಿಂದ ಬೆಣ್ಣೆ ತೆಗೆದು ಧಾರಾಳವಾಗಿ ಹಾಕ್ತಾರೆ, ಅದು ಕರಗಿ ಆ ತೂತುಗಳ ಒಳಗೆ ಇಳಿದು ಅಂಚಿನಿಂದ ಹೊರಗೆ ಬಂದು ನೊರೆ ನೊರೆಯಾಗಿ ಕುದಿಯುತ್ತೆ, ಆ ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗುತ್ತೆ, ನಡುವೆ ಮಾತ್ರ ಮೆತ್ತಗೆ ಇರುತ್ತೆ. ಇಡೀ ದೋಸೆಯ ಗುಟ್ಟು ಆ ಅಂಚಲ್ಲೇ ಇರೋದು.

ಹಿಟ್ಟಿಗೆ ಅಕ್ಕಿ ಉದ್ದಿನ ಜೊತೆ ಮಂಡಕ್ಕಿ ಬೀಳುತ್ತೆ, ಮೊದ್ಲೇ ಮಂಡಕ್ಕಿ ಊರು ಅದು, ಅದ್ರಿಂದಾನೇ ಆ ಹಗುರ. ಇನ್ನು ಬೆಣ್ಣೆನೇ ಯಾಕೆ, ತುಪ್ಪ ಯಾಕಲ್ಲ ಅಂದ್ರೆ ಬೆಣ್ಣೆಯಲ್ಲಿ ನೀರಿನಂಶ ಇರುತ್ತೆ, ಹಾಲಿನ ಅಂಶಾನೂ ಇರುತ್ತೆ, ಕಾವಲಿ ಮೇಲೆ ನೀರು ಆವಿಯಾಗಿ ಹೋಗಿ ಹಾಲಿನಂಶ ಕೆಂಪಗೆ ಕಾಯುತ್ತೆ, ಆ ಘಮ ಅಲ್ಲಿಂದ ಬರೋದು. ತುಪ್ಪ ಅಂದ್ರೆ ಅದನ್ನೆಲ್ಲ ಕಾಯಿಸಿ ಸೋಸಿ ತೆಗೆದಿರೋದು, ಅದ್ರಲ್ಲಿ ಗರಿ ಚೆನ್ನಾಗಿ ಬರುತ್ತೆ, ವಾಸನೆ ಬೇರೆ ಥರ. ಎರಡೂ ಒಳ್ಳೇದೇ, ಆದ್ರೆ ತುಪ್ಪದ ದೋಸೆಗೆ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕ್ಬಾರದು ಅಷ್ಟೇ.

ಜೊತೆಗೆ ಕೊಡೋದು ಬಿಳಿ ಚಟ್ನಿ, ಕಾಯಿ ಹುರಿಗಡಲೆ ಹಸಿಮೆಣಸಿನಕಾಯಿ ಹಾಕಿದ್ದು, ಸ್ವಲ್ಪ ತೆಳ್ಳಗೆ, ಖಾರ ಜೋರು. ಪಲ್ಯ ಅಂದ್ರೆ ಬೇಯಿಸಿದ ಆಲೂಗಡ್ಡೆ ಮಸ್ತಾಗಿ ಹಿಸುಕಿದ್ದು, ಅರಿಶಿನ ಇಲ್ಲ, ಬೆಳ್ಳಗೆ ಇರುತ್ತೆ. ಸಾಂಬಾರ್ ಕೇಳಿದ್ರೆ ಒಂದು ಥರ ನೋಡ್ತಾರೆ. ಬೆಣ್ಣೆ ಮಸಾಲೆ, ಖಾಲಿ, ಓಪನ್ ಅಂತ ಬೇರೆ ಬೇರೆ ಇದೆ, ಮೊದಲ ಸಲ ಹೋಗೋರು ಓಪನ್ ಹೇಳಿ, ಪಲ್ಯ ಚಟ್ನಿಪುಡಿ ಬೆಣ್ಣೆ ಎಲ್ಲಾ ಮೇಲೇನೇ ಕಾಣುತ್ತೆ, ಮಡಚಿರಲ್ಲ ಅಲ್ವಾ ಅದಕ್ಕೆ ಹಬೆ ಹಿಡಿದು ಮೆತ್ತಗೂ ಆಗಲ್ಲ. ಹಲ್ಲು ಸರಿ ಇಲ್ಲದ ಹಿರಿಯರು ಜೊತೆಗಿದ್ರೆ ಖಾಲಿ.

ಇದಕ್ಕೆ ಅಂತಾನೇ ದಾವಣಗೆರೆಗೆ ಹೋಗ್ಬೇಕಾ? ಬೆಂಗಳೂರಿಂದ ಸುಮಾರು 260 ಕಿಲೋಮೀಟರ್ ಆಗುತ್ತೆ. ದೋಸೆಗೆ ಅಷ್ಟು ದೂರ ಅಂದ್ರೆ ಮನೇಲಿ ಬೈತಾರೆ, ಬೈಯ್ಯೋದ್ರಲ್ಲಿ ನ್ಯಾಯಾನೂ ಇದೆ. ಆದ್ರೆ ಹುಬ್ಬಳ್ಳಿ ಧಾರವಾಡ ಕಡೆ ಹೊರಟಿರೋರು ಹೆದ್ದಾರಿ 48ರಲ್ಲೇ ಹೋಗ್ತೀರಲ್ವಾ, ಬೆಳಿಗ್ಗೆ ಐದಕ್ಕೆ ಮನೆ ಬಿಟ್ರೆ ತಿಂಡಿ ಹೊತ್ತಿಗೆ ದಾವಣಗೆರೆ ಸಿಗುತ್ತೆ, ಹೈವೇ ಪಕ್ಕದ ಫುಡ್ ಕೋರ್ಟಲ್ಲಿ ನಿಲ್ಲಿಸೋ ಬದಲು ಊರೊಳಗೆ ಹೋಗಿ ಬನ್ನಿ. 2023ರಲ್ಲಿ ಶುರುವಾದ ಬೆಂಗಳೂರು ಧಾರವಾಡ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತೆ. ಮಧ್ಯಾಹ್ನ ತಲುಪಿದ್ರೆ ಸಂಜೆ ತನಕ ಕಾದು ಮಂಡಕ್ಕಿ ಮಿರ್ಚಿನೂ ಮುಗಿಸ್ಕೊಂಡು ಬನ್ನಿ, ಅದು ಇನ್ನೊಂದು ದೊಡ್ಡ ಕಥೆ.

ಬೆಂಗಳೂರಲ್ಲಿ ಗಲ್ಲಿಗೊಂದು ‘ದಾವಣಗೆರೆ ಬೆಣ್ಣೆ ದೋಸೆ’

ಇದ್ರಲ್ಲಿ ಆರಿಸೋದೇ ಕಷ್ಟ, ಯಾಕಂದ್ರೆ ಬೋರ್ಡ್ ಎಲ್ಲಾ ಕಡೆ ಒಂದೇ. ನಾನು ದುಡ್ಡು ಕೊಡೋ ಮೊದ್ಲು ಪಕ್ಕದವರ ತಟ್ಟೆ ನೋಡ್ತೀನಿ, ನಾಚಿಕೆ ಬಿಟ್ಟು ನೋಡ್ತೀನಿ. ಪಲ್ಯ ಹಳದಿ ಬಣ್ಣ ಇದ್ದು ಸಾಸಿವೆ ಕಡಲೆಬೇಳೆ ಒಗ್ಗರಣೆ ಕಾಣ್ತಿದ್ರೆ ಅದು ಬೆಂಗಳೂರು ಮಸಾಲೆ ದೋಸೆನೇ, ಹೆಸರು ಮಾತ್ರ ದಾವಣಗೆರೆದು. ದೋಸೆ ಒಳಗೆ ಕೆಂಪು ಚಟ್ನಿ ಬಳಿದಿದ್ರೆ ಅದೂ ಅಷ್ಟೇ. ತಟ್ಟೆ ಅಂಚು ದಾಟಿ ಹೊರಗೆ ಬಂದಿರೋ ಉದ್ದನೇ ದೋಸೆ ಆದ್ರೂ ಅಷ್ಟೇ. ರುಚಿ ಇರಲ್ಲ ಅಂತಲ್ಲ, ಕೆಲವು ಕಡೆ ಬಹಳ ಚೆನ್ನಾಗೇ ಇರುತ್ತೆ, ಆದ್ರೆ ನೀವು ಅಂದ್ಕೊಂಡು ಹೋಗಿದ್ದು ಸಿಗಲ್ಲ.

ಬೆಣ್ಣೆ ನಿಜವಾಗ್ಲೂ ಬೆಣ್ಣೆನಾ ಅನ್ನೋದಕ್ಕೆ ಲ್ಯಾಬ್ ಬೇಡ. ಕಾವಲಿ ಮೇಲೆ ಬೆಣ್ಣೆ ಬಿದ್ದಾಗ ನೊರೆ ಏಳ್ಬೇಕು, ಚಟಪಟ ಅನ್ಬೇಕು. ಸುಮ್ನೆ ಎಣ್ಣೆ ಥರ ಹರಡಿಕೊಂಡು ಹೊಳೀತಾ ಇದ್ರೆ ಡೌಟು. ತಿಂದ ಮೇಲೆ ನೀರು ಕುಡಿದ್ರೂ ಅಂಗುಳಕ್ಕೆ ಮೇಣ ಅಂಟಿಕೊಂಡ ಹಾಗೆ ಅನ್ನಿಸಿದ್ರೆ ಅದು ಡಾಲ್ಡಾ ಕಡೆಯ ಸಾಮಾನು, ಬಾಯಿಯ ಬಿಸಿಗೆ ಅದು ಪೂರ್ತಿ ಕರಗಲ್ಲ. ಸೌದೆ ಒಲೆಯ ಆಸೆ ಬಿಟ್ಬಿಡಿ, ಬೆಂಗಳೂರಲ್ಲಿ ಹೆಚ್ಚೂ ಕಡಿಮೆ ಎಲ್ಲಾ ಗ್ಯಾಸೇ.

ಈ ಅಂಗಡಿಗಳ ದೊಡ್ಡ ಪ್ಲಸ್ ಪಾಯಿಂಟ್ ಏನು ಗೊತ್ತಾ, ಜಾಗ ಚಿಕ್ಕದು. ಕಾವಲಿ ಕೌಂಟರಿನ ಹಿಂದೇನೇ ಇರುತ್ತೆ, ಟೋಕನ್ ಕೊಟ್ಟು ಅಲ್ಲೇ ನಿಂತ್ಕೊಂಡ್ರೆ ದೋಸೆ ಎದ್ದ ಮೂವತ್ತು ಸೆಕೆಂಡಿಗೆ ಕೈಗೆ ಬರುತ್ತೆ. ಸಾಧಾರಣ ಹಿಟ್ಟು, ಸಾಧಾರಣ ಕೈ, ಆದ್ರೂ ದೊಡ್ಡ ಹೆಸರಿನ ಆರಿದ ದೋಸೆಗಿಂತ ಇದೇ ಮೇಲು ಅಂತ ಎಷ್ಟೋ ಸಲ ಅನ್ನಿಸಿದೆ.

ಹಳೇ ಟಿಫಿನ್ ರೂಮ್‌ಗಳು

ವಿದ್ಯಾರ್ಥಿ ಭವನ ಗಾಂಧಿ ಬಜಾರಲ್ಲಿ 1943ರಿಂದ ಇದೆ. ಅಲ್ಲಿನ ದೋಸೆ ಗರಿನೂ ಹೌದು ದಪ್ಪನೂ ಹೌದು, ಹೊರಗೆ ಚೆನ್ನಾಗಿ ಕೆಂಪಗೆ ಕಾದಿರುತ್ತೆ, ಒಳಗೆ ಮೆತ್ತಗೆ, ಚಟ್ನಿ ತೆಳ್ಳಗೆ ತಟ್ಟೆಗೆ ಹುಯ್ಕೊಂಡು ಹೋಗ್ತಾರೆ. ಗೋಡೆ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರ, ಪಂಚೆ ಉಟ್ಟ ಸಪ್ಲೈಯರು ಒಂದೇ ಕೈಮೇಲೆ ಮಣಿಕಟ್ಟಿಂದ ತೋಳಿನ ತನಕ ತಟ್ಟೆ ಮೇಲೆ ತಟ್ಟೆ ಜೋಡಿಸಿಕೊಂಡು ಬರೋದು, ಹೊರಗಿನಿಂದ ಬಂದವರಿಗೆ ಅದನ್ನ ತೋರಿಸೋಕೆ ಅಂತಾನೇ ಕರ್ಕೊಂಡು ಹೋಗ್ಬಹುದು. ಇಲ್ಲಿ ಒಂದು ವಿಷ್ಯ ಗಮನಿಸಿ, ಕಾಯೋದು ನೀವು, ದೋಸೆ ಅಲ್ಲ. ಹೊರಗೆ ಹೆಸರು ಬರೆಸಿ ನಿಂತ್ಕೋಬೇಕು ನಿಜ, ಭಾನುವಾರ ಅಂತೂ ಕಾಲು ಬೀಳುತ್ತೆ, ಆದ್ರೆ ಒಳಗೆ ಕೂತ ಮೇಲೆ ಬರೋದು ಒಂದೇ ಸಲ ಕಾವಲಿಯಿಂದ ಎದ್ದ ಬ್ಯಾಚ್. ಹಾಗಾಗಿ ನನ್ನ ಅಳತೆಗೋಲಲ್ಲಿ ಇದು ಪಾಸ್. ಶುಕ್ರವಾರ ರಜ, ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿರುತ್ತೆ, ಹೊರಡೋ ಮೊದ್ಲು ಟೈಮಿಂಗ್ ನೋಡ್ಕೊಳ್ಳಿ. ಗಾಡಿ ಬೇಡ, ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೀರಿ, ಹಸಿವೂ ಆಗುತ್ತೆ. ಟೇಬಲ್ ಬೇರೆಯವರ ಜೊತೆ ಹಂಚ್ಕೋಬೇಕು, ಪ್ರೈವೆಸಿ ಬೇಕು ಅನ್ನೋರಿಗೆ ಆಗಿ ಬರಲ್ಲ.

ಸಿಟಿಆರ್ ಮಲ್ಲೇಶ್ವರದ ಮಾರ್ಗೋಸಾ ರಸ್ತೆಯಲ್ಲಿ, ಬೋರ್ಡ್ ಮೇಲೆ ಶ್ರೀ ಸಾಗರ್ ಅಂತ ಇರುತ್ತೆ, ಹುಡುಕ್ತಾ ಮುಂದೆ ಹೋಗ್ಬಿಡ್ಬೇಡಿ. ಇಲ್ಲಿನ ಬೆಣ್ಣೆ ಮಸಾಲೆ ಹೆಸರಲ್ಲಿ ಬೆಣ್ಣೆ ಇದ್ರೂ ದಾವಣಗೆರೆಯದ್ದಲ್ಲ, ಪೂರ್ತಿ ಬೆಂಗಳೂರಿನ ದೋಸೆ. ಕಡು ಕೆಂಪು, ಮುರಿದ್ರೆ ಕರ್ ಅನ್ನೋ ಗರಿ, ಪಲ್ಯ ಒಳಗೆ. ಗರಿಗೇ ಪ್ರಾಣ ಬಿಡೋರು ಇಲ್ಲಿಗೆ ಹೋಗಿ, ಮೆತ್ತಗೆ ಇಷ್ಟ ಪಡೋರಿಗೆ ಇಲ್ಲಿ ಏನೂ ಇಲ್ಲ. ಇದೂ ಮಧ್ಯಾಹ್ನ ಮುಚ್ಚುತ್ತೆ.

ಎಂಟಿಆರ್ ಬಗ್ಗೆ ಜನ ಬೇರೆ ಬೇರೆ ಹೇಳ್ತಾರೆ. 1924ರಲ್ಲಿ ಶುರುವಾದ ಸಂಸ್ಥೆ, ಲಾಲ್‌ಬಾಗ್ ರಸ್ತೆಯಲ್ಲಿ, ಸೋಮವಾರ ರಜ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆ ಇಡ್ಲಿ ಕಂಡುಹಿಡಿದಿದ್ದು ನಾವೇ ಅಂತ ಅವರು ಹೇಳ್ಕೋತಾರೆ, ಆ ರವೆ ಇಡ್ಲಿ ಈಗ್ಲೂ ಅಲ್ಲಿ ಸೂಪರ್. ಮಸಾಲೆ ದೋಸೆ ಜೊತೆ ಚಿಕ್ಕ ಬಟ್ಟಲಲ್ಲಿ ತುಪ್ಪ ಕೊಡ್ತಾರೆ, ಬೇಕಾದಷ್ಟು ನೀವೇ ಹಾಕ್ಕೊಳ್ಳಿ, ಒಳ್ಳೇ ಪದ್ಧತಿ. ಆದ್ರೆ ದೊಡ್ಡ ಜಾಗ, ಅಡುಗೆಮನೆ ಒಂದು ಕಡೆ, ನೀವು ಇನ್ನೊಂದು ಕಡೆ ರೂಮಲ್ಲಿ. ಹಂಗಾಗಿ ನನ್ನ ಸಲಹೆ, ಎಂಟಿಆರ್‌ಗೆ ರವೆ ಇಡ್ಲಿಗೆ ಹೋಗಿ, ದೋಸೆನ ಒಂದು ಹೇಳಿ ಹಂಚ್ಕೊಳ್ಳಿ. ಇದನ್ನ ಓದಿ ಬೈಯ್ಯೋರು ಬೈಯ್ಬಹುದು.

ಮೈಸೂರಿನ ನಜರ್‌ಬಾದಿನ ಮೈಲಾರಿಗೆ ಬರೋಣ. ಇದು ಗರಿ ದೋಸೆನೇ ಅಲ್ಲ. ಬಿಳಿಚಿಕೊಂಡ ಮೆತ್ತನೇ ದೋಸೆ, ಒಳಗೆ ಈರುಳ್ಳಿ ಸಾಗು ಥರದ್ದು, ಮೇಲೆ ಬೆಣ್ಣೆ ಮುದ್ದೆ, ಬಾಯಲ್ಲಿಟ್ರೆ ಅಗಿಯೋ ಕೆಲಸಾನೇ ಇಲ್ಲ. ಮೆನು ಅಂದ್ರೆ ದೋಸೆ ಇಡ್ಲಿ ಕಾಫಿ, ಹೆಚ್ಚೇನಿಲ್ಲ. ಮೈಲಾರಿ ಅನ್ನೋ ಹೆಸರಲ್ಲಿ ಅಕ್ಕಪಕ್ಕ ಒಂದಕ್ಕಿಂತ ಜಾಸ್ತಿ ಹೋಟೆಲ್ ಇದೆ, ಕನ್‌ಫ್ಯೂಸ್ ಆಗ್ಬೇಡಿ, ಜನ ಎಲ್ಲಿ ಕಮ್ಮಿ ಇದ್ದಾರೋ ಅಲ್ಲಿ ಕೂತ್ಕೊಳ್ಳಿ. ಗರಿ ಇಲ್ಲದ ದೋಸೆಗೆ ಒಂದು ಅನುಕೂಲ ಇದೆ, ಕಳ್ಕೊಳ್ಳೋಕೆ ಗರಿನೇ ಇಲ್ಲ ಅಲ್ವಾ, ಹತ್ತು ನಿಮಿಷ ಆದ್ರೂ ಹೆಚ್ಚು ಕೆಡಲ್ಲ. ಮಕ್ಕಳಿಗೆ ತಿನ್ನಿಸ್ತಾ ತಿನ್ನಿಸ್ತಾ ತಮ್ಮದನ್ನ ಆರಿಸಿಕೊಳ್ಳೋ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೇ ದೋಸೆ ಇಲ್ಲ.

ದರ್ಶಿನಿನ ಕಡೆಗಣಿಸ್ಬೇಡಿ

ನಿಂತ್ಕೊಂಡು ತಿನ್ನೋ ಹೋಟೆಲ್‌ಗೆ ದರ್ಶಿನಿ ಅನ್ನೋ ಹೆಸರು ಬಂದಿದ್ದು 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ. ಮೊದ್ಲು ಬಿಲ್, ಆಮೇಲೆ ಟೋಕನ್, ಕೌಂಟರಲ್ಲಿ ನೀವೇ ತಗೊಂಡು ಸ್ಟೀಲ್ ಟೇಬಲ್ ಹತ್ರ ನಿಂತು ತಿನ್ನಿ. ಇವತ್ತು ಬೆಂಗಳೂರಲ್ಲಿ ಬಸ್ ಹಿಡಿಯೋರು ಆಫೀಸಿಗೆ ಓಡೋರು ಎಲ್ಲಾ ಬದುಕಿರೋದು ಇದ್ರಿಂದಾನೇ. ಮಸಾಲೆ ದೋಸೆ ಏರಿಯಾ ಮೇಲೆ 70ರಿಂದ 100 ರೂಪಾಯಿ ಒಳಗೆ ಮುಗಿಯುತ್ತೆ, ಸರ್ವಿಸ್ ಚಾರ್ಜ್ ಗಿರ್ವಿಸ್ ಚಾರ್ಜ್ ಅನ್ನೋ ತಲೆನೋವು ಇಲ್ಲ.

ದೂರದ ಲೆಕ್ಕ ಹಾಕಿದ್ರೆ ದರ್ಶಿನಿನ ಹೊಡೆಯೋಕೆ ಯಾರಿಂದಲೂ ಆಗಲ್ಲ. ಕಾವಲಿ ಕಣ್ಮುಂದೆ, ಭಟ್ಟರು ಸಟುಗದಲ್ಲಿ ಎಬ್ಬಿಸಿ ಮಡಚಿ ನೇರ ನಿಮ್ಮ ತಟ್ಟೆಗೆ. ಆದ್ರೆ ಟೈಮ್ ಮುಖ್ಯ. ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಹೋದ್ರೆ ಕಾವಲಿ ಇನ್ನೂ ಹದಕ್ಕೆ ಬಂದಿರಲ್ಲ, ಮೊದಲ ಒಂದೆರಡು ಸುತ್ತು ಬಣ್ಣ ಸರಿ ಬರಲ್ಲ. ರಶ್ ಇರೋ ಹೊತ್ತಲ್ಲಿ, ಅಂದ್ರೆ ಎಂಟೂವರೆಯಿಂದ ಹತ್ತರ ತನಕ, ಭಟ್ಟರಿಗೆ ಪುರುಸೊತ್ತಿಲ್ಲ, ಕಮ್ಮಿ ಕಾದಿದ್ದೇ ಮಡಚಿ ಕೊಡ್ತಾರೆ. ಅವಾಗ ‘ಸಾರ್ ಸ್ವಲ್ಪ ರೋಸ್ಟ್ ಮಾಡಿ’ ಅಂತ ಒಂದು ಮಾತು ಹೇಳಿ, ಹೇಳಿದ್ರೆ ಮಾಡ್ತಾರೆ, ಹೇಳ್ದೇ ಇದ್ರೆ ಮಾಡಲ್ಲ. ಬೆಳಿಗ್ಗೆ ಏಳೂವರೆ ಅಥ್ವಾ ಹತ್ತೂವರೆ ಬೆಸ್ಟು. ಸಂಜೆ ಹಿಟ್ಟು ಸ್ವಲ್ಪ ಹುಳಿ ಬಂದಿರುತ್ತೆ, ಕೆಲವರಿಗೆ ಅದೇ ಇಷ್ಟ, ನನಗೂ ಇಷ್ಟ.

ಕಷ್ಟ ಯಾರಿಗೆ ಅಂದ್ರೆ ಮಂಡಿನೋವಿರೋ ಅಜ್ಜಿ ತಾತಂದಿರಿಗೆ, ಕೈಗೂಸು ಇರೋರಿಗೆ. ಕೆಲವು ದರ್ಶಿನಿಗಳಲ್ಲಿ ಮಹಡಿ ಮೇಲೆ ಕೂರೋ ವ್ಯವಸ್ಥೆ ಇರುತ್ತೆ, ರೇಟು ಸ್ವಲ್ಪ ಜಾಸ್ತಿ, ದೋಸೆ ಮೆಟ್ಟಿಲು ಹತ್ತಿ ಬರೋ ಹೊತ್ತಿಗೆ ಅರ್ಧ ಸತ್ತಿರುತ್ತೆ. ಅಂಥ ಕಡೆ ಹಿರಿಯರಿಗೆ ಇಡ್ಲಿ ವಡೆ ಹೇಳಿ, ನೀವು ಕೆಳಗೇ ನಿಂತು ದೋಸೆ ತಿಂದು ಮೇಲೆ ಹೋಗಿ. ಇಲ್ಲಾ ಶಂಕರಪುರಂ ಬ್ರಾಹ್ಮಿನ್ಸ್ ಕಾಫಿ ಬಾರ್ ಥರ ಇಡ್ಲಿ ವಡೆಗೇ ಹೆಸರಾಗಿರೋ ಕಡೆಗೆ ಎಲ್ಲರನ್ನೂ ಕರ್ಕೊಂಡು ಹೋಗಿ, 1965ರಿಂದ ಇರೋ ಜಾಗ, ದೋಸೆ ಸಿಗಲ್ಲ, ಚಟ್ನಿ ಎಷ್ಟು ಸಲ ಕೇಳಿದ್ರೂ ಹಾಕ್ತಾರೆ. ಅಲ್ಲೂ ನಿಂತೇ ತಿನ್ಬೇಕು, ಆದ್ರೆ ಅಜ್ಜಿನ ಕಾರಲ್ಲೇ ಕೂರ್ಸಿ ತಟ್ಟೆ ತಂದು ಕೊಟ್ರೆ ಇಡ್ಲಿಗೆ ಏನೂ ಆಗಲ್ಲ.

ಮನೆಗೆ ತರಿಸೋದು

ಬೇಡ. ದೋಸೆ ಮಾತ್ರ ಬೇಡ. ಡಬ್ಬಿ ಮುಚ್ಚಿದ ಕ್ಷಣದಿಂದ ಅದು ತನ್ನ ಹಬೆಯಲ್ಲೇ ಬೇಯೋಕೆ ಶುರು. ತರಿಸಲೇಬೇಕು ಅಂದ್ರೆ ಸೆಟ್ ದೋಸೆ ತರಿಸಿ, ತಟ್ಟೆ ಇಡ್ಲಿ ತರಿಸಿ, ಬಿಸಿಬೇಳೆಬಾತ್ ತರಿಸಿ, ಇವೆಲ್ಲ ಟ್ರಾಫಿಕ್ ತಡ್ಕೊಳ್ಳೋ ಐಟಮ್‌ಗಳು. ಇಲ್ಲ ನನಗೆ ಮಸಾಲೆ ದೋಸೆನೇ ಬೇಕು ಅಂತ ಮನೇಲಿ ಯಾರಾದ್ರೂ ಹಠ ಮಾಡಿದ್ರೆ ಹೋಟೆಲ್‌ನವರಿಗೆ ಪಲ್ಯ ಬೇರೆ ಕಟ್ಟೋಕೆ ಹೇಳಿ, ಮನೆಗೆ ಬಂದ ಮೇಲೆ ದೋಸೆನ ಒಣ ಕಾವಲಿ ಮೇಲೆ ಒಂದು ನಿಮಿಷ ಬಿಸಿ ಮಾಡಿ ಪಲ್ಯ ಇಟ್ಟು ಕೊಡಿ. ಮೈಕ್ರೋವೇವಿಗೆ ಹಾಕಿದ್ರೆ ಚರ್ಮ ಎಳೆದ ಹಾಗೆ ಆಗುತ್ತೆ, ಹಾಕ್ಬೇಡಿ.

ಹಾಗಾದ್ರೆ ಯಾರು ಎಲ್ಲಿಗೆ

ಒಬ್ರೇ ಇದ್ದೀರಾ, ಟೈಮಿಲ್ಲ, ಅಂದ್ರೆ ಮನೆ ಹತ್ರದ ದರ್ಶಿನಿ, ಯೋಚನೆನೇ ಬೇಡ. ಮೊದಲ ಸಲ ಬೆಂಗಳೂರಿಗೆ ಬಂದಿರೋ ನೆಂಟರು ಅಂದ್ರೆ ವಿದ್ಯಾರ್ಥಿ ಭವನ, ಆದ್ರೆ ವಾರದ ದಿನ, ಬೆಳಿಗ್ಗೆ ಬೇಗ. ಭಾನುವಾರಾನೇ ಆಗ್ಬೇಕು, ಜೊತೆಗೆ ಮಕ್ಕಳಿದ್ದಾರೆ ಅಂದ್ರೆ ದೊಡ್ಡ ಹೆಸರುಗಳ ಸಹವಾಸ ಬಿಟ್ಟು ನಿಮ್ಮ ಏರಿಯಾದಲ್ಲಿ ಬಿಳಿ ಪಲ್ಯ ಹಾಕೋ ಒಂದು ಚಿಕ್ಕ ಬೆಣ್ಣೆ ದೋಸೆ ಅಂಗಡಿ ಹುಡುಕಿ ಇಟ್ಕೊಳ್ಳಿ, ಮುಕ್ಕಾಲು ಗಂಟೆ ಫುಟ್‌ಪಾತಲ್ಲಿ ನಿಂತ ಮಗು ಯಾವ ದೋಸೆನೂ ತಿನ್ನಲ್ಲ. ಗಂಡನಿಗೆ ಗರಿ, ಹೆಂಡತಿಗೆ ಮೆತ್ತಗೆ ಅನ್ನೋ ಮನೆಗಳಿಗೆ ದಾವಣಗೆರೆ ಸ್ಟೈಲೇ ಸರಿ, ಅಂಚು ಒಬ್ರಿಗೆ ನಡು ಒಬ್ರಿಗೆ. ಮೈಸೂರಿಗೆ ಹೇಗೂ ಹೋಗ್ತಿದ್ದೀರಾ ಅಂದ್ರೆ ದಾರಿಯಲ್ಲಿ ಬಿಡದಿ ತಟ್ಟೆ ಇಡ್ಲಿಗೆ ಮನಸ್ಸು ಸೋತ್ರೂ ಒಂದೇ ತಿನ್ನಿ, ಮೈಲಾರಿಗೆ ಹೊಟ್ಟೇಲಿ ಜಾಗ ಇರ್ಲಿ.

ಎಲ್ಲೇ ಹೋದ್ರೂ ನಾಲ್ಕು ಜನ ಇದ್ರೆ ನಾಲ್ಕೂ ದೋಸೆ ಒಟ್ಟಿಗೆ ಬರೋ ತನಕ ಯಾರೂ ಮುಟ್ಟಲ್ಲ ಅನ್ನೋ ಮರ್ಯಾದೆ ಮಾತ್ರ ಇಟ್ಕೋಬೇಡಿ. ಮೊದಲು ಬಂದಿದ್ದನ್ನ ದೊಡ್ಡವರ ಮುಂದೆ ತಳ್ಳಿ, ನೀವು ಶುರು ಮಾಡಿ ಅಂತ ಹೇಳಿ. ಕಾಫಿನೂ ದೋಸೆ ಜೊತೇಲೇ ಹೇಳ್ಬೇಡಿ, ತಿಂದು ಕೈ ತೊಳ್ಕೊಂಡು ಬಂದು ಹೇಳಿ, ಇಲ್ಲಾಂದ್ರೆ ಅದೂ ಆರುತ್ತೆ.